ನ್ಯುಮೋನಿಯಾ ಎಂದಷ್ಟೇ ಬರೆದರೆ ಸಾಲದು

2021ರ ಮೇ ತಿಂಗಳ ಕೊನೆ. ಕೊರೊನಾದ ಎರಡನೇ ಅಲೆ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಮನೆಮನೆಗೂ ನುಗ್ಗಿದ್ದ ಹೊತ್ತು. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಉದ್ದದ ಸಂದೇಶ ಬಂತು. ಸಿಂಗಾಪುರದವರು ಕೊರೊನಾದಿಂದ ಸತ್ತವರ ಹೆಣ ಕೊಯ್ದು ನೋಡಿದ್ದಾರಂತೆ, ಅದು ವೈರಸ್ಸೇ ಅಲ್ಲವಂತೆ, ಬ್ಯಾಕ್ಟೀರಿಯಾವಂತೆ, ರಕ್ತ ಹೆಪ್ಪುಗಟ್ಟಿ ಜನ ಸಾಯುವುದಂತೆ, ಆಸ್ಪಿರಿನ್ ನುಂಗಿದರೆ ಸಾಕಂತೆ. ಸಂಜೆ ಚಿಕ್ಕಪ್ಪನ ಫೋನು: "ನನ್ನ ಹಾರ್ಟಿನ ಮಾತ್ರೆ ಉಂಟು ಮಾರಾಯ, ಅದೂ ಆಸ್ಪಿರಿನ್ನೇ ಅಲ್ವಾ? ಮನೆಯಲ್ಲಿ ಎಲ್ಲರಿಗೂ ಒಂದೊಂದು ಕೊಟ್ರೆ ಎಂತ?"

ಸಿಂಗಾಪುರದ ಆರೋಗ್ಯ ಸಚಿವಾಲಯ ಜೂನ್‌ನಲ್ಲಿ ಇದು ಹಸಿ ಸುಳ್ಳು ಎಂದಿತು. ಅದಕ್ಕೂ ಮೊದಲು ಇದೇ ಒಕ್ಕಣೆ ಇಟಲಿಯ ಹೆಸರಿನಲ್ಲಿ, ರಷ್ಯಾದ ಹೆಸರಿನಲ್ಲಿ ತಿರುಗಾಡಿತ್ತು. ಆದರೆ ಪೂರ್ತಿ ಸುಳ್ಳಾದ ಸಂದೇಶ ಇಷ್ಟು ದೂರ ಓಡುವುದಿಲ್ಲ. ರಕ್ತ ಹೆಪ್ಪುಗಟ್ಟುವ ಮಾತು ನಿಜವೇ ಆಗಿತ್ತು, ಅದು ಗೊತ್ತಾದದ್ದೂ ಹೆಣ ಕೊಯ್ದು ನೋಡಿದ್ದರಿಂದಲೇ. ಆ ನಿಜಕ್ಕೆ ಆಸ್ಪಿರಿನ್ ಅಂಟಿಸಿದ್ದು ಸುಳ್ಳು. ಹಾಗಾದರೆ ಕೊಯ್ದು ನೋಡಿದವರಿಗೆ ನಿಜಕ್ಕೂ ಕಂಡದ್ದೇನು? ಇದನ್ನು ತಿಳಿಯುವುದು ಕೊರೊನಾದ ಕಥೆ ಮುಗಿಸುವುದಕ್ಕಲ್ಲ. ಪ್ರತಿ ಮಳೆಗಾಲದಲ್ಲೂ ನಮ್ಮ ಕಡೆ ಯಾರಾದರೊಬ್ಬರು ಜ್ವರ ಬಂದು, ಕೆಮ್ಮು ಹಿಡಿದು, ಹತ್ತನೇ ದಿನಕ್ಕೆ ಐಸಿಯು ಸೇರಿ ತೀರಿಕೊಳ್ಳುತ್ತಾರೆ. ಕಾಗದದಲ್ಲಿ ನ್ಯುಮೋನಿಯಾ ಎಂದಿರುತ್ತದೆ. ಆ ಒಂದು ಪದದ ಹಿಂದೆ ಕನಿಷ್ಠ ಮೂರು ಬೇರೆ ಬೇರೆ ಸಾವುಗಳಿವೆ ಎಂಬುದು ನನ್ನ ವಾದ.

ಮೊದಲು ಶ್ವಾಸಕೋಶದ ರಚನೆ. ಅದರಲ್ಲಿ 30 ಕೋಟಿಗೂ ಹೆಚ್ಚು ಗಾಳಿಗೂಡುಗಳಿವೆ. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಅಡಿಕೆ ಒಣಗಿಸುವ ಒಂದು ಸಾಧಾರಣ ಅಂಗಳದಷ್ಟು ಜಾಗ. ಗೂಡಿನೊಳಗಿನ ಗಾಳಿಗೂ ಹೊರಗೆ ಹರಿಯುವ ರಕ್ತಕ್ಕೂ ನಡುವೆ ಇರುವ ಗೋಡೆ ಒಂದು ಮೈಕ್ರಾನಿಗಿಂತಲೂ ತೆಳು, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಆಮ್ಲಜನಕ ದಾಟುವುದು ಇದರ ಮೂಲಕವೇ. ಗೋಡೆಯ ಸುಮಾರು 95 ಶೇಕಡಾ ಭಾಗವನ್ನು ಹೊದ್ದಿರುವುದು ಚಪ್ಪಟೆಯಾದ ಒಂದನೇ ಬಗೆಯ ಜೀವಕೋಶಗಳು. ಮೂಲೆಗಳಲ್ಲಿ ದುಂಡಗೆ ಕೂತಿರುವವು ಎರಡನೇ ಬಗೆಯವು. ನೋಡಲು ಇವು ಕಡಿಮೆ, ಕೆಲಸ ಮಾತ್ರ ಎರಡಾಳಿನದು. ಗೂಡು ಮುದುಡಿಕೊಳ್ಳದಂತೆ ಸರ್ಫ್ಯಾಕ್ಟಂಟ್ ಎಂಬ ಜಾರುದ್ರವ ಸುರಿಸುವುದು ಇವೇ, ಚಪ್ಪಟೆ ಕೋಶಗಳು ಸತ್ತಾಗ ತಾವೇ ಒಡೆದು ಬೆಳೆದು ಜಾಗ ತುಂಬುವುದೂ ಇವೇ. ಕೊರೊನಾ, ಹಕ್ಕಿಜ್ವರದಂಥ ವೈರಸ್ಸುಗಳು ಹಿಡಿಯುವುದು ಮುಖ್ಯವಾಗಿ ಈ ಎರಡನೆಯವನ್ನು. ಮನೆ ಸುಡುವವನು ಮೊದಲು ರಿಪೇರಿಯವನನ್ನೇ ಹೊಡೆದುಹಾಕಿದ ಹಾಗೆ.

ಅಲ್ಲಿಂದ ಮುಂದಿನದನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಶವದ ಶ್ವಾಸಕೋಶದಿಂದ ತೆಗೆದ ಚೂರನ್ನು ಫಾರ್ಮಾಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಹೆರೆದು, ಗಾಜಿನ ಮೇಲಿಟ್ಟು ಎರಡು ಬಣ್ಣ ಹಾಕುತ್ತಾರೆ. ಜೀವಕೋಶದ ನಡುಬೀಜ ನೇರಳೆಯಾಗುತ್ತದೆ, ಪ್ರೋಟೀನು ಗುಲಾಬಿಯಾಗುತ್ತದೆ. ಆರೋಗ್ಯದ ಶ್ವಾಸಕೋಶವೆಂದರೆ ಬರೀ ಬಿಳಿ ಖಾಲಿ, ಅಂಚಿನಲ್ಲಿ ದಾರದಂಥ ಗೆರೆ, ಒಂದು ಬಲೆ. ಇಂಥ ಸಾವಿನ ಶ್ವಾಸಕೋಶದಲ್ಲಿ ಆ ಖಾಲಿಯ ಒಳಬದಿಗೆ ದಪ್ಪ ಗುಲಾಬಿ ಪಟ್ಟಿ ಮೆತ್ತಿಕೊಂಡಿರುತ್ತದೆ. ಗಂಜಿ ಬಸಿದ ತೆಳಿಯನ್ನು ಹಾಗೇ ಬಿಟ್ಟರೆ ಆರುತ್ತಾ ಆರುತ್ತಾ ಮೇಲೊಂದು ಪದರ ಕಟ್ಟುತ್ತದಲ್ಲ, ಹೆಚ್ಚುಕಡಿಮೆ ಅದೇ ರೀತಿ. ಸೋರಿದ ರಕ್ತದ್ರವ, ಸತ್ತ ಕೋಶಗಳ ಚೂರು, ಫೈಬ್ರಿನ್ ಎಂಬ ಹೆಪ್ಪುನೂಲು ಎಲ್ಲ ಸೇರಿ ಕಟ್ಟಿದ ಪದರ ಅದು. ಹಯಲಿನ್ ಪೊರೆ ಎನ್ನುತ್ತಾರೆ. ಗಾಜಿನಂಥದ್ದು ಎಂದು ಅರ್ಥ. ಮೂಗಿಗೆ ಎಷ್ಟು ಲೀಟರ್ ಆಮ್ಲಜನಕ ಹಿಡಿದರೂ ಅದು ಈ ಪದರದ ಆಚೆಗೆ ದಾಟಬೇಕಲ್ಲ. "ಆಕ್ಸಿಜನ್ ಕೊಡ್ತಾ ಇದ್ರು, ಆದರೂ ಏರಲಿಲ್ಲ" ಎಂದು ಆಗ ಎಷ್ಟೋ ಮನೆಗಳಲ್ಲಿ ಕೇಳಿದ ಮಾತಿನ ಒಳಗಿನ ಚಿತ್ರ ಇದು.

ಕೈಗೆ ಎತ್ತಿಕೊಂಡರೂ ವ್ಯತ್ಯಾಸ ತಿಳಿಯುತ್ತದೆ. ಒಳ್ಳೆಯ ಶ್ವಾಸಕೋಶ ಸ್ಪಂಜಿನಂತೆ, ನೀರಿಗೆ ಹಾಕಿದರೆ ತೇಲುತ್ತದೆ. ಹೀಗೆ ತುಂಬಿಕೊಂಡ ಶ್ವಾಸಕೋಶ ಮುಳುಗುತ್ತದೆ, ಕೊಯ್ದರೆ ಪಿತ್ತಜನಕಾಂಗದ ಹಾಗೆ ಗಟ್ಟಿ. 2020ರ ಅಕ್ಟೋಬರಿನಲ್ಲಿ ಬೆಂಗಳೂರಿನ ಆಕ್ಸ್‌ಫರ್ಡ್ ವೈದ್ಯಕೀಯ ಕಾಲೇಜಿನ ವಿಧಿವಿಜ್ಞಾನ ತಜ್ಞ ಡಾ. ದಿನೇಶ್ ರಾವ್ ಅವರು 62 ವರ್ಷದ ಕೊರೊನಾ ರೋಗಿಯ ಶವ ಪರೀಕ್ಷೆ ಮಾಡಿ, ಶ್ವಾಸಕೋಶ ತೊಗಲಿನ ಚೆಂಡಿನಂತೆ ಗಟ್ಟಿಯಾಗಿತ್ತು ಎಂದದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಎರಡೂ ಸೇರಿ ಮುಕ್ಕಾಲು ಕಿಲೋದ ಆಸುಪಾಸಿನಲ್ಲಿರಬೇಕಾದವು ಎರಡು ಕಿಲೋ ಮೀರಿದ್ದವು. ಒಂದೇ ಶವದಿಂದ ತೀರ್ಮಾನಕ್ಕೆ ಬರಲಾಗದು, ನಿಜ. ಆದರೆ ಹೆಣ ಮುಟ್ಟಲೂ ಊರು ಹೆದರಿದ್ದ ಹೊತ್ತಿನಲ್ಲಿ ಒಬ್ಬರು ಕತ್ತಿ ಹಿಡಿದರಲ್ಲ, ಅದಕ್ಕೆ ಬೇರೆಯೇ ಬೆಲೆ ಇದೆ.

ಈ ಒಟ್ಟು ಹಾನಿಗೆ ವೈದ್ಯರು ಡಿಫ್ಯೂಸ್ ಅಲ್ವಿಯೋಲಾರ್ ಡ್ಯಾಮೇಜ್ ಎನ್ನುತ್ತಾರೆ, ಚಿಕ್ಕದಾಗಿ ಡ್ಯಾಡ್. ಐಸಿಯುವಿನ ಹೊರಗೆ ಮನೆಯವರಿಗೆ ಹೇಳುವ ಎಆರ್‌ಡಿಎಸ್ ಎಂಬ ಹೆಸರು ಇದರ ಹೊರಮುಖ, 1967ರಿಂದ ಬಳಕೆಗೆ ಬಂದದ್ದು. ಇಲ್ಲಿ ಒಂದು ತೊಡಕಿದೆ. ಈ ಚಿತ್ರಕ್ಕೆ ವೈರಸ್ಸೇ ಬೇಕೆಂದಿಲ್ಲ. ರಕ್ತಕ್ಕೆ ನಂಜೇರಿದವರಲ್ಲಿ, ನೀರಿನಲ್ಲಿ ಮುಳುಗಿ ಬದುಕಿ ಆಮೇಲೆ ಸತ್ತವರಲ್ಲಿ, ಪ್ಯಾರಾಕ್ವಾಟ್ ಕಳೆನಾಶಕ ಕುಡಿದವರಲ್ಲಿಯೂ ಇದೇ ಗುಲಾಬಿ ಪಟ್ಟಿ ಕಾಣುತ್ತದೆ. ಶ್ವಾಸಕೋಶಕ್ಕೆ ಗಾಯವಾದಾಗ ಅದಕ್ಕೆ ಗೊತ್ತಿರುವ ಅಳು ಒಂದೇ. ಹೇಗೆ ಸತ್ತರು ಎಂಬುದನ್ನು ಗಾಜು ಹೇಳುತ್ತದೆ, ಯಾರು ಕೊಂದರು ಎಂಬುದಕ್ಕೆ ಅದೇ ಚೂರಿನಲ್ಲಿ ವೈರಸ್ಸಿನ ಆರ್‌ಎನ್‌ಎ ಹುಡುಕಬೇಕು, ಬ್ಯಾಕ್ಟೀರಿಯಾದ ಬಣ್ಣ ಹಾಕಿ ನೋಡಬೇಕು.

ಹಾಗೆ ಹುಡುಕಿದಾಗ ಒಂದೊಂದು ವೈರಸ್ಸಿನ ನಡೆ ಒಂದೊಂದು. 1918ರ ಇನ್‌ಫ್ಲುಯೆಂಜಾ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರನ್ನು ಕೊಂದಿತು ಎಂಬ ಅಂದಾಜಿದೆ, ಅದರಲ್ಲಿ ಕೋಟಿಗೂ ಮೀರಿದವರು ಭಾರತದವರು. ಆ ಕಾಲದ ಸೈನಿಕರ ಶ್ವಾಸಕೋಶದ ಚೂರುಗಳು ಅಮೆರಿಕದ ಸೇನಾ ರೋಗಶಾಸ್ತ್ರ ಸಂಸ್ಥೆಯ ಕಪಾಟಿನಲ್ಲಿ ಮೇಣದೊಳಗೆ ಎಂಬತ್ತು ವರ್ಷ ಕೂತಿದ್ದವು. ಜೆಫ್ರಿ ಟೌಬೆನ್‌ಬರ್ಗರ್ ತಂಡ 1997ರಲ್ಲಿ ಆ ವೈರಸ್ಸಿನ ವಂಶವಾಹಿಯ ತುಣುಕುಗಳನ್ನು ಹೊರತೆಗೆದದ್ದು ಅವುಗಳಿಂದಲೇ. 2008ರಲ್ಲಿ 58 ಜನರ ಚೂರುಗಳನ್ನು ಮತ್ತೆ ಪರೀಕ್ಷಿಸಿದಾಗ ಹೆಚ್ಚುಕಡಿಮೆ ಎಲ್ಲದರಲ್ಲೂ ಬ್ಯಾಕ್ಟೀರಿಯಾದ ನ್ಯುಮೋನಿಯಾ ಕಂಡಿತು. ವೈರಸ್ಸು ಶ್ವಾಸನಾಳದ ಒಳಪೊರೆಯನ್ನು ಸುಲಿದು ಬಾಗಿಲು ತೆರೆಯಿತು, ಗಂಟಲಲ್ಲಿ ಮೊದಲೇ ಕೂತಿದ್ದ ಬ್ಯಾಕ್ಟೀರಿಯಾ ಒಳಗೆ ನುಗ್ಗಿ ಕೊಂದಿತು. 2009ರ ಎಚ್1ಎನ್1ನಲ್ಲಿ, ನಮ್ಮವರು ಹಂದಿಜ್ವರ ಎಂದು ಕರೆದದ್ದರಲ್ಲಿ, ಲೆಕ್ಕ ಬೇರೆ. ಅಮೆರಿಕದಲ್ಲಿ ಪರೀಕ್ಷಿಸಿದ 77 ಸಾವುಗಳಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದ್ದು 22ರಲ್ಲಿ. ಉಳಿದವರನ್ನು ಕೊಂದದ್ದು ಹೆಚ್ಚಾಗಿ ಡ್ಯಾಡೇ.

ಇನ್ನು ಕೊರೊನಾ. ಶವಪರೀಕ್ಷೆ ಆದಷ್ಟು ಬೇಡ ಎಂದು ಜರ್ಮನಿಯ ಸರ್ಕಾರಿ ರೋಗನಿಯಂತ್ರಣ ಸಂಸ್ಥೆ ಮೊದಲಿಗೆ ಸಲಹೆ ಮಾಡಿತ್ತು. ಹ್ಯಾಂಬರ್ಗ್‌ನವರು ಅದನ್ನು ಕೇಳದೆ ಕೊಯ್ದರು. ಮೊದಲ 12 ಶವಗಳಲ್ಲಿ 7ರ ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪು. ಬದುಕಿದ್ದಾಗ ಯಾರೂ ಅದನ್ನು ಅನುಮಾನಿಸಿರಲಿಲ್ಲ. ನಾಲ್ವರು ಸತ್ತದ್ದೇ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡದ್ದರಿಂದ. ಅದೇ ವರ್ಷ ಇನ್ನೊಂದು ತಂಡ ಕೊರೊನಾದಿಂದ ಸತ್ತ 7 ಜನರ ಶ್ವಾಸಕೋಶವನ್ನು 2009ರ ಹಂದಿಜ್ವರದಲ್ಲಿ ಸತ್ತ 7 ಜನರದ್ದರ ಪಕ್ಕದಲ್ಲಿಟ್ಟು ನೋಡಿತು. ಎರಡರಲ್ಲೂ ಡ್ಯಾಡ್ ಇತ್ತು. ಆದರೆ ಗಾಳಿಗೂಡಿನ ಸುತ್ತಲಿನ ಕೂದಲೆಳೆಯ ರಕ್ತನಾಳಗಳಲ್ಲಿ ಹೆಪ್ಪು ಕೊರೊನಾದವರಲ್ಲಿ ಒಂಬತ್ತು ಪಟ್ಟು. ಗೋಡೆಯ ಈಚೆ ಪದರ ಕಟ್ಟಿದೆ, ಆಚೆ ರಕ್ತವೇ ನಿಂತಿದೆ. ಎರಡೂ ಬದಿಯಿಂದ ಮುಚ್ಚಿದ ದಾರಿ. (ಗಡಿಯವರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 2020ರ ಮಾರ್ಚಿನಲ್ಲಿ ಕೇರಳ-ಕರ್ನಾಟಕ ಗಡಿಯ ತಲಪಾಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದದ್ದನ್ನು ನಾವು ನೋಡಿದ್ದೇವೆ.)

ಅಂದರೆ ಚಿಕ್ಕಪ್ಪನಿಗೆ ಬಂದ ಸಂದೇಶದ ಒಂದು ಎಳೆ ಹ್ಯಾಂಬರ್ಗ್‌ನ ಟೇಬಲಿನಿಂದ ಬಂದದ್ದು. ಆದರೆ ಹೆಪ್ಪು ಇದೆ ಎಂದು ಕಂಡ ಮಾತ್ರಕ್ಕೆ ಹೆಪ್ಪಿನ ಮಾತ್ರೆ ಜೀವ ಉಳಿಸುತ್ತದೆ ಎಂದಾಗುವುದಿಲ್ಲ. ಬ್ರಿಟನ್ನಿನ ರಿಕವರಿ ಎಂಬ ದೊಡ್ಡ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದ ಸುಮಾರು 15 ಸಾವಿರ ರೋಗಿಗಳ ಮೇಲೆ ಆಸ್ಪಿರಿನ್ನನ್ನು ಪರೀಕ್ಷಿಸಿದರು. ಕೊಟ್ಟವರಲ್ಲೂ ಕೊಡದವರಲ್ಲೂ ಸತ್ತವರು 17 ಶೇಕಡಾ. ಫಲಿತಾಂಶ ಹೊರಬಿದ್ದದ್ದು 2021ರ ಜೂನ್ 8ರಂದು, ಸರಿಯಾಗಿ ಆ ಸಂದೇಶ ನಮ್ಮೂರಲ್ಲಿ ಓಡಾಡುತ್ತಿದ್ದ ದಿನಗಳಲ್ಲಿ. ಗ್ರೂಪಿಗೆ ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದಿನ ಕಥೆ ಇನ್ನೂ ಸೂಕ್ಷ್ಮ. ಪೂರ್ಣ ಪ್ರಮಾಣದಲ್ಲಿ ಕೊಟ್ಟಾಗ ಮಧ್ಯಮ ಸ್ಥಿತಿಯಲ್ಲಿದ್ದವರಿಗೆ ಪ್ರಯೋಜನವಾಯಿತು, ಆಗಲೇ ಐಸಿಯು ಸೇರಿದ್ದವರಿಗೆ ಆಗಲಿಲ್ಲ. ಕೊನೆಗೆ ಕಂಡದ್ದನ್ನು ಕೊನೆಗೆ ತೆಗೆಯಹೊರಟರೆ ಹೊತ್ತು ಮೀರಿರುತ್ತದೆ.

ಹೊತ್ತು ಎಂಬುದೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ಪಾಠ. ಮೊದಲ ವಾರದಲ್ಲಿ ಸತ್ತವರ ಶ್ವಾಸಕೋಶದಲ್ಲಿ ಸೋರಿಕೆ, ಊತ, ಗುಲಾಬಿ ಪೊರೆ ಇರುತ್ತವೆ. ಎರಡನೇ, ಮೂರನೇ ವಾರದಲ್ಲಿ ಎರಡನೇ ಬಗೆಯ ಕೋಶಗಳಲ್ಲಿ ಉಳಿದವು ಅಡ್ಡಾದಿಡ್ಡಿ ಬೆಳೆದು ಗೋಡೆ ಕಟ್ಟಲು ಹೊರಟಿರುತ್ತವೆ, ನಾರು ಹೆಣೆಯುವ ಕೋಶಗಳೂ ಬಂದು ಸೇರಿರುತ್ತವೆ. ಅದಕ್ಕೂ ಮುಂದೆ ಹೋದರೆ ಗೂಡುಗಳೇ ಇಲ್ಲ, ನಾರು ಮಾತ್ರ. ತೊಗಲಿನ ಚೆಂಡಿನಂಥ ಶ್ವಾಸಕೋಶ ಎಂದದ್ದು ಈ ದಾರಿಯ ಕಡೆಗೆ ಬೆರಳು ಮಾಡುತ್ತದೆ. ವೈರಸ್ಸಿನ ಆಟ ಹೆಚ್ಚಾಗಿ ಮೊದಲ ದಿನಗಳದ್ದು. ಅಲ್ಲಿಂದ ಮುಂದೆ ಕೆಡಿಸುವುದು ಬಹುಪಾಲು ನಮ್ಮದೇ ರೋಗನಿರೋಧಕ ವ್ಯವಸ್ಥೆ, ಕಳ್ಳನನ್ನು ಹಿಡಿಯಲು ಬಂದವರು ಮನೆಯ ಗೋಡೆಯನ್ನೇ ಕೆಡವಿದ ಹಾಗೆ.

ಡೆಕ್ಸಾಮೆಥಾಸೋನ್ ಎಂಬ ಹಳೆಯ ಅಗ್ಗದ ಸ್ಟಿರಾಯ್ಡ್ ಏಕೆ ಕೆಲವರನ್ನು ಉಳಿಸಿತು, ಕೆಲವರಿಗೆ ಏಕೆ ಏನೂ ಮಾಡಲಿಲ್ಲ ಎಂಬುದು ಈ ಚಿತ್ರವಿಲ್ಲದೆ ಅರ್ಥವಾಗುವುದಿಲ್ಲ. ಅದೇ ರಿಕವರಿ ಪ್ರಯೋಗ 2020ರ ಜೂನ್ 16ರಂದು ಪ್ರಕಟಿಸಿದ ಲೆಕ್ಕ: ದಿನಕ್ಕೆ 6 ಮಿಲಿಗ್ರಾಮಿನಂತೆ ಹತ್ತು ದಿನದವರೆಗೆ ಕೊಟ್ಟಾಗ ವೆಂಟಿಲೇಟರಿನಲ್ಲಿದ್ದವರ ಸಾವು ಮೂರನೇ ಒಂದರಷ್ಟು ಇಳಿಯಿತು, ಆಮ್ಲಜನಕ ಮಾತ್ರ ಬೇಕಿದ್ದವರಲ್ಲಿ ಐದನೇ ಒಂದರಷ್ಟು. ಆಮ್ಲಜನಕವೇ ಬೇಕಿಲ್ಲದವರಿಗೆ ಏನೂ ಲಾಭವಿಲ್ಲ. ರೋಗನಿರೋಧಕ ವ್ಯವಸ್ಥೆ ವೈರಸ್ಸಿನ ಹಿಂದೆ ಓಡುತ್ತಿರುವಾಗ ಅದರ ಕಾಲು ಕಟ್ಟಿದರೆ ಲಾಭ ವೈರಸ್ಸಿಗೆ. ಗೋಡೆ ಕೆಡವಲು ಶುರುಮಾಡಿದ ಮೇಲೆ ಕಟ್ಟಿದರೆ ರೋಗಿಗೆ. 2021ರಲ್ಲಿ ಜ್ವರ ಬಂದ ಎರಡನೇ ದಿನವೇ ಮೆಡಿಕಲ್‌ನಿಂದ ಸ್ಟಿರಾಯ್ಡ್ ಮಾತ್ರೆ ತಂದು ನುಂಗಿದವರು ನನಗೇ ಗೊತ್ತು. ಸಕ್ಕರೆ ಕಾಯಿಲೆಯವರಲ್ಲಿ ಅದರ ಬೆನ್ನಿಗೇ ಕಪ್ಪು ಶಿಲೀಂಧ್ರ ಎಂದು ಕರೆದ ಮ್ಯೂಕರ್ ಬಂದದ್ದೂ ದೇಶಕ್ಕೆಲ್ಲ ಗೊತ್ತು.

ಶವಪರೀಕ್ಷೆಯನ್ನೂ ಕಣ್ಣುಮುಚ್ಚಿ ನಂಬಬಾರದು. ಅಲ್ಲಿಗೆ ಬರುವುದು ಸತ್ತವರು ಮಾತ್ರ, ಅದರಲ್ಲೂ ಮನೆಯವರು ಒಪ್ಪಿದ, ದೊಡ್ಡ ಆಸ್ಪತ್ರೆಯಲ್ಲಿ ಸತ್ತ ಕೆಲವರು. ಮೂರು ವಾರ ವೆಂಟಿಲೇಟರಿನಲ್ಲಿದ್ದವರ ಶ್ವಾಸಕೋಶದಲ್ಲಿ ಯಂತ್ರದ ಒತ್ತಡ ಮಾಡಿದ ಗಾಯವೂ ಡ್ಯಾಡಿನಂತೆಯೇ ಕಾಣುತ್ತದೆ, ಆಸ್ಪತ್ರೆಯಲ್ಲೇ ಹತ್ತಿಕೊಂಡ ಸೋಂಕೂ ಇರುತ್ತದೆ. ಯಾವುದು ವೈರಸ್ಸಿನದು, ಯಾವುದು ನಮ್ಮ ಉಪಚಾರದ್ದು ಎಂದು ಬಿಡಿಸುವುದು ಕಷ್ಟ. ಇದರ ಇನ್ನೊಂದು ಮುಖವೆಂದರೆ ಕೆಲವು ಹೆದರಿಕೆಗಳನ್ನು ಇಳಿಸಿದ್ದೂ ಶವಪರೀಕ್ಷೆಯೇ. ಕೊರೊನಾ ಹೃದಯದ ಸ್ನಾಯುವನ್ನೇ ತಿನ್ನುತ್ತದೆ ಎಂಬ ಸುದ್ದಿ ಮೊದಲ ವರ್ಷ ಜೋರಾಗಿತ್ತು. ಪ್ರಕಟವಾದ ವರದಿಗಳಲ್ಲಿದ್ದ 277 ಹೃದಯಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ನಿಜವಾದ ಮಯೋಕಾರ್ಡೈಟಿಸ್, ಅಂದರೆ ಹೃದಯದ ಸ್ನಾಯುವಿನ ಉರಿಯೂತ, ಇದ್ದದ್ದು ಬಹುಶಃ 2 ಶೇಕಡಾಕ್ಕಿಂತ ಕಡಿಮೆ ಎಂದಾಯಿತು.

ಈಗ ನಮ್ಮ ಜಿಲ್ಲೆಗೆ ಬರೋಣ. ಭಾರತದ ಮೂರನೇ ಕೊರೊನಾ ಪ್ರಕರಣ ಪತ್ತೆಯಾದದ್ದು ಕಾಸರಗೋಡಿನಲ್ಲಿ, 2020ರ ಫೆಬ್ರವರಿ 3ರಂದು, ವುಹಾನ್‌ನಿಂದ ಬಂದ ವಿದ್ಯಾರ್ಥಿಯಲ್ಲಿ. ಅಷ್ಟು ಮೊದಲೇ ರೋಗ ಕಂಡ ಊರಿನಲ್ಲಿ ರೋಗದ ಒಳಗನ್ನು ನೋಡುವ ಏರ್ಪಾಡು ಇರಲಿಲ್ಲ. ಇಲ್ಲಿ ಪೋಸ್ಟ್‌ಮಾರ್ಟಂ ಎಂದರೆ ಪೊಲೀಸರದ್ದು: ಅಪಘಾತ, ನೇಣು, ವಿಷ, ಅನುಮಾನದ ಸಾವು. ತುಸು ತೊಡಕಿದ್ದರೆ ಕಣ್ಣೂರು ಜಿಲ್ಲೆಯ ಪರಿಯಾರಂ ವೈದ್ಯಕೀಯ ಕಾಲೇಜಿಗೆ. ರೋಗದಿಂದ ಸತ್ತವರನ್ನು ಮನೆಯವರ ಒಪ್ಪಿಗೆ ಪಡೆದು, ಕಾರಣ ತಿಳಿಯುವುದಕ್ಕಾಗಿಯೇ ಮಾಡುವ ಪರೀಕ್ಷೆ ಎಂಬುದೊಂದು ಇದೆ ಎಂದೇ ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಿದ್ದರೂ ಒಪ್ಪುವುದು ಸುಲಭವಲ್ಲ. ಮುಸ್ಲಿಮರ ಮನೆಯಲ್ಲಿ ಮಯ್ಯಿತ್ ಬೇಗ ದಫನ್ ಆಗಬೇಕು, ಹಿಂದೂಗಳ ಮನೆಯಲ್ಲಿ ಹೆಣ ಅಂಗಳಕ್ಕೆ ಬಂದ ಮೇಲೆ ಹೊತ್ತು ನೋಡುವವರೇ ಹೆಚ್ಚು. "ಸತ್ತ ಮೇಲೂ ಕೊಯ್ಯುವುದು ಯಾಕೆ" ಎಂಬ ಮಾತಿಗೆ ಎದುರು ಮಾತಾಡುವ ಧೈರ್ಯ ನನಗೂ ಇಲ್ಲ.

ಗಡಿಯದ್ದು ಬೇರೆಯೇ ಪೇಚು. ಮಂಜೇಶ್ವರ, ಕುಂಬಳೆ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು. ರೋಗಿ ಕೇರಳದವರು, ಸಾವು ಕರ್ನಾಟಕದಲ್ಲಿ. ಆಸ್ಪತ್ರೆಯ ಕಾಗದ ಇಂಗ್ಲಿಷಿನಲ್ಲಿ, ಊರಿನ ಕಚೇರಿಗಳ ಕಾಗದ ಮಲಯಾಳದಲ್ಲಿ, ಮನೆಯವರು ಓದುವುದು ಕನ್ನಡ. ಸಾವಿನ ಕಾರಣ ಎಂಬುದು ಈ ಮೂರರ ನಡುವೆ ಎಲ್ಲೋ ಬಿದ್ದುಹೋಗುತ್ತದೆ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ಬರೀ 22.5 ಶೇಕಡಾ. ಹಾಗಾಗಿ ಗಡಿಯವರದ್ದೇ ದೊಡ್ಡ ಗೋಳು ಎಂದು ನಾನು ಹೇಳುತ್ತಿಲ್ಲ. ಆದರೆ ದೇಹದೊಳಗೆ ಏನಾಯಿತು ಎಂಬುದಕ್ಕೆ ಪುರಾವೆ ಇಲ್ಲದೆ ವರ್ಷಗಟ್ಟಲೆ ವಾದ ಮಾಡುವ ಸಂಕಟ ಏನೆಂದು ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ಜಿಲ್ಲೆಗೆ ಯಾರೂ ಕಲಿಸಬೇಕಾಗಿಲ್ಲ.

ದಾರಿ ಇಲ್ಲವೆಂದಲ್ಲ. ಪೂರ್ತಿ ಕೊಯ್ಯದೆ, ಬಯಾಪ್ಸಿಯ ದಪ್ಪ ಸೂಜಿಯಿಂದ ಶ್ವಾಸಕೋಶ, ಪಿತ್ತಜನಕಾಂಗ, ಹೃದಯ, ಮೆದುಳಿನ ಚೂರುಗಳನ್ನು ತೆಗೆಯುವ ವಿಧಾನ ಈಗ ಚಾಲ್ತಿಯಲ್ಲಿದೆ. ಮೈಮೇಲೆ ಹೊಲಿಗೆ ಇರುವುದಿಲ್ಲ, ಸ್ನಾನ ಮಾಡಿಸುವವರಿಗೆ ಸೂಜಿಯ ಗುರುತೂ ಸುಲಭಕ್ಕೆ ಕಾಣದು. ಆಫ್ರಿಕಾದ ಹಲವು ದೇಶಗಳಲ್ಲಿ, ಬಾಂಗ್ಲಾದೇಶ, ಪಾಕಿಸ್ತಾನಗಳಲ್ಲಿ ಪುಟ್ಟ ಮಕ್ಕಳ ಸಾವಿನ ಕಾರಣ ಹುಡುಕಲು ಚಾಂಪ್ಸ್ ಎಂಬ ಜಾಲ ಇದನ್ನೇ ಬಳಸುತ್ತಿದೆ. ಸೋಂಕಿನ ಸಾವುಗಳಲ್ಲಿ ಇದರ ಉತ್ತರ ಪೂರ್ಣ ಶವಪರೀಕ್ಷೆಗೆ ಸಾಕಷ್ಟು ಹತ್ತಿರ ಬರುತ್ತದೆ. ಕೊರತೆಯೂ ಇದೆ: ದೊಡ್ಡ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ಸೂಜಿ ಕಾಣುವುದಿಲ್ಲ. ಹ್ಯಾಂಬರ್ಗ್‌ನ ಆ ನಾಲ್ವರನ್ನು ಸೂಜಿಯಲ್ಲಿ ಪರೀಕ್ಷಿಸಿದ್ದರೆ ಸಾವಿನ ಕಾರಣ ಪ್ರಾಯಶಃ ತಪ್ಪಿಹೋಗುತ್ತಿತ್ತು.

ಇದನ್ನು ಮಾಡುವವರು ಯಾರು ಎಂದರೆ ನಾನು ಉಕ್ಕಿನಡ್ಕದ ಕಡೆಗೆ ಕೈ ತೋರಿಸುತ್ತೇನೆ. 2013ರ ನವೆಂಬರಿನಲ್ಲಿ ಅಡಿಗಲ್ಲು ಬಿದ್ದ ಸರ್ಕಾರಿ ವೈದ್ಯಕೀಯ ಕಾಲೇಜು ಅದು. ಕಟ್ಟಡ ಮುಗಿಯುವ ಮೊದಲೇ 2020ರ ಏಪ್ರಿಲ್‌ನಲ್ಲಿ ಕೊರೊನಾ ಆಸ್ಪತ್ರೆಯಾಯಿತು, 2025ರಲ್ಲಿ 50 ಎಂಬಿಬಿಎಸ್ ಸೀಟಿಗೆ ಒಪ್ಪಿಗೆ ಸಿಕ್ಕಿತು. ಎಂಬಿಬಿಎಸ್ ಕಲಿಸುವ ಕಾಲೇಜೆಂದ ಮೇಲೆ ರೋಗಶಾಸ್ತ್ರ ವಿಭಾಗ ಇರಲೇಬೇಕು, ಮೇಣ, ಬಣ್ಣ, ಸೂಕ್ಷ್ಮದರ್ಶಕ ಎಲ್ಲ ಅದರ ಜೊತೆಗೇ ಬರಬೇಕು. ಹಾಸಿಗೆ ಎಷ್ಟು, ಸ್ಕ್ಯಾನಿಂಗ್ ಯಾವಾಗ ಎಂದು ಕೇಳುವ ನಮ್ಮ ಊರಿನ ಮನವಿಪತ್ರಗಳಲ್ಲಿ ಈ ವಿಭಾಗದ ಹೆಸರನ್ನು ನಾನು ಕಂಡದ್ದಿಲ್ಲ. ವರ್ಷಕ್ಕೆ ಹತ್ತು ಮನೆಯವರು ಒಪ್ಪಿದರೂ ಮಳೆಗಾಲದ ಜ್ವರದ ಸಾವುಗಳಲ್ಲಿ ಇನ್‌ಫ್ಲುಯೆಂಜಾ ಎಷ್ಟು, ಇಲಿಜ್ವರ ಎಷ್ಟು, ಬ್ಯಾಕ್ಟೀರಿಯಾ ಎಷ್ಟು ಎಂದು ಮೊದಲ ಬಾರಿಗೆ ಊಹೆಯಾಚೆಗಿನ ಮಾತಾಡಬಹುದು. ಇಲಿಜ್ವರವನ್ನು ಬೇಕೆಂದೇ ಸೇರಿಸಿದೆ. ಅದೂ ಶ್ವಾಸಕೋಶದಲ್ಲಿ ರಕ್ತ ಸೋರಿಸಿ ಕೊಲ್ಲುತ್ತದೆ, ಬೇಗ ಗೊತ್ತಾದರೆ ಸಾಮಾನ್ಯ ಆಂಟಿಬಯೋಟಿಕ್‌ಗೆ ಬಗ್ಗುತ್ತದೆ.

ಅಲ್ಲಿಯವರೆಗೆ ಕಾಗದವನ್ನಾದರೂ ಸರಿಯಾಗಿ ಕೇಳಿ ತೆಗೆದುಕೊಳ್ಳಬಹುದು. ಆಸ್ಪತ್ರೆಯಲ್ಲಿ ಸತ್ತವರಿಗೆ ವೈದ್ಯರು ತುಂಬುವ ಸಾವಿನ ಕಾರಣದ ಪ್ರಮಾಣಪತ್ರದ ಪ್ರತಿಯನ್ನು ಹತ್ತಿರದ ಸಂಬಂಧಿಗೆ ಕೊಡಬೇಕು ಎಂದು ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿದೆ. ಅದರ ಮೊದಲ ಭಾಗದಲ್ಲಿ ಮೂರು ಸಾಲು. ಎ ಎಂದರೆ ಕೊನೆಗೆ ಕೊಂದದ್ದು, ಬಿ ಎಂದರೆ ಅದಕ್ಕೆ ಕಾರಣವಾದದ್ದು, ಸಿ ಎಂದರೆ ಎಲ್ಲದರ ಬೇರು. ಸಾಯುವ ರೀತಿಯನ್ನು ಬರೆಯಬೇಡಿ, ಕಾರಣ ಬರೆಯಿರಿ ಎಂದು ಫಾರ್ಮಿನಲ್ಲೇ ಮುದ್ರಿಸಿರುತ್ತಾರೆ.

ಎರಡು ಮಳೆಗಾಲದ ಹಿಂದೆ ನಮ್ಮ ಸೋದರತ್ತೆ ಜ್ವರ, ಕೆಮ್ಮು, ಹನ್ನೊಂದು ದಿನದ ಐಸಿಯು ಎಲ್ಲ ಮುಗಿಸಿ ಹೋದರು. ಕಾಗದ ಬಂದದ್ದು ಹದಿನೈದು ದಿನ ಓಡಾಡಿದ ಮೇಲೆ. ಎ ಸಾಲಿನಲ್ಲಿ ನೀಲಿ ಪೆನ್ನಿನಲ್ಲಿ, ಓದಲು ಬರುವ ಅಕ್ಷರದಲ್ಲೇ, ಹೃದಯ ಮತ್ತು ಉಸಿರಾಟ ನಿಂತದ್ದು ಎಂದಿತ್ತು. ಬಿ ಸಾಲಿನಲ್ಲಿ ನ್ಯುಮೋನಿಯಾ. ಸಿ ಸಾಲಿನ ಚುಕ್ಕಿಗಳ ಮೇಲೆ ಆಸ್ಪತ್ರೆಯ ಸೀಲು ಬಿದ್ದಿತ್ತು, ಬರವಣಿಗೆ ಏನೂ ಇರಲಿಲ್ಲ.